ಒಪ್ಪಿಗೆ ಕೇಳದ ಬೀಟಾ

2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನ 16 ಪಿನ್‌ಕೋಡ್‌ಗಳ ಜನರಿಗೆ ಓಎನ್‌ಡಿಸಿ ಎಂಬ ಹೊಸ ಮಾರಾಟ ಜಾಲ ತೆರೆದುಕೊಂಡಿತು. ಕೇಂದ್ರ ಸರ್ಕಾರದ ಬೆಂಬಲದಿಂದ ಕಟ್ಟಿದ ಜಾಲವದು. ಅದರಲ್ಲಿ ದಿನಸಿ ತರಿಸಬಹುದಿತ್ತು, ಹೋಟೆಲಿನಿಂದ ಊಟ ತರಿಸಬಹುದಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರು, ದೆಹಲಿ, ಭೋಪಾಲ್, ಶಿಲ್ಲಾಂಗ್, ಕೊಯಮತ್ತೂರುಗಳಲ್ಲಿ ಇನ್ನೂ ಸಣ್ಣ ಪ್ರಮಾಣದಲ್ಲಿ ಅದನ್ನು ಓಡಿಸಿ ನೋಡಿದ್ದರು. ಸಾರ್ವಜನಿಕರ ಕೈಗೆ ಕೊಡುವಾಗಲೂ ಇದು ಬೀಟಾ ಪರೀಕ್ಷೆ ಎಂದು ಕಟ್ಟಿದವರೇ ಬಾಯಿಬಿಟ್ಟು ಹೇಳಿದ್ದರು. ಅಕ್ಕಿ ಬರಲಿಲ್ಲವೆಂದರೆ ಬೀದಿ ತುದಿಯ ಅಂಗಡಿ ಇದ್ದೇ ಇತ್ತು. ಬೇಡವೆಂದವರನ್ನು ಯಾರೂ ಬಲವಂತ ಮಾಡುವಂತಿರಲಿಲ್ಲ.

ಅದಕ್ಕೆ ಸುಮಾರು 16 ತಿಂಗಳು ಹಿಂದೆ, 2021ರ ಜೂನ್ 7ರಂದು, ಆದಾಯ ತೆರಿಗೆ ಇಲಾಖೆಯ ಹೊಸ ಇ-ಫೈಲಿಂಗ್ ಪೋರ್ಟಲ್ ಶುರುವಾಯಿತು. ಅದರ ಸಿದ್ಧತೆಗೆಂದು ಹಳೆಯ ಪೋರ್ಟಲನ್ನು ಜೂನ್ 1ರಿಂದಲೇ ಮುಚ್ಚಿದ್ದರು. ಹೊಸದು ಇಡೀ ದೇಶಕ್ಕೆ ಒಂದೇ ಬಾರಿಗೆ ತೆರೆಯಿತು. ಮಾರನೆಯ ದಿನವೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ದೂರುಗಳ ರಾಶಿ ಬಂದಿದೆಯೆಂದು, ಅದನ್ನು ಕಟ್ಟಿದ ಇನ್ಫೋಸಿಸ್ ಸಂಸ್ಥೆಯನ್ನೂ ಅದರ ಅಧ್ಯಕ್ಷ ನಂದನ್ ನಿಲೇಕಣಿಯವರನ್ನೂ ಉದ್ದೇಶಿಸಿ ಟ್ವಿಟರಿನಲ್ಲಿ ಬಹಿರಂಗವಾಗಿಯೇ ಬರೆಯಬೇಕಾಯಿತು. ವಿದೇಶಕ್ಕೆ ಹಣ ಕಳಿಸುವವರು ತುಂಬಬೇಕಾಗಿದ್ದ 15ಸಿಎ, 15ಸಿಬಿ ನಮೂನೆಗಳನ್ನು ಕಾಗದದಲ್ಲೇ ಬ್ಯಾಂಕಿಗೆ ಕೊಡಬಹುದೆಂದು ಜೂನ್ ತಿಂಗಳಲ್ಲೇ ವಿನಾಯಿತಿ ಕೊಟ್ಟರು. ಆಗಸ್ಟ್ 23ರಂದು ಸಂಸ್ಥೆಯ ಮುಖ್ಯಸ್ಥರನ್ನು ಕರೆಸಿ, ಸೆಪ್ಟೆಂಬರ್ 15ರೊಳಗೆ ಸರಿಪಡಿಸಬೇಕೆಂದು ಗಡುವು ಹಾಕಿದರು. ಪೋರ್ಟಲ್ ತೆರೆಯುವ ಮುಂಚೆಯೇ ಜುಲೈ 31ರಿಂದ ಸೆಪ್ಟೆಂಬರ್‌ಗೆ ಹೋಗಿದ್ದ ರಿಟರ್ನ್ ಸಲ್ಲಿಸುವ ಕೊನೆಯ ದಿನ ಅಲ್ಲಿಂದ ಡಿಸೆಂಬರ್ 31ಕ್ಕೆ ಹೋಯಿತು.

ಎರಡರಲ್ಲೂ ದೋಷಗಳಿದ್ದವು. ದೋಷವಿಲ್ಲದ ಸಾಫ್ಟ್‌ವೇರ್ ಇರುವುದಿಲ್ಲ. ಪರೀಕ್ಷೆಯಿಂದ ದೋಷ ಇರುವುದನ್ನು ತೋರಿಸಬಹುದೇ ಹೊರತು ಇಲ್ಲದಿರುವುದನ್ನು ತೋರಿಸಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅರ್ಧ ಶತಮಾನಕ್ಕೂ ಹಿಂದೆಯೇ ಹೇಳಿದ್ದರು. ಹಾಗಾಗಿ ಬಿಡುಗಡೆಯಾದ ಮೇಲೂ ಬಗ್ ಸಿಕ್ಕಿತೆಂದು ಯಾರನ್ನಾದರೂ ಹಳಿಯುವುದು ನನ್ನ ಉದ್ದೇಶವಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಉಳಿದ ದೋಷಗಳನ್ನು ಹುಡುಕುವ ಕೆಲಸ ಯಾರ ತಲೆಯ ಮೇಲೆ ಬಿತ್ತು, ಆ ಕೆಲಸಕ್ಕೆ ಅವರು ಒಪ್ಪಿದ್ದರೇ ಎಂಬುದು. ಬೆಂಗಳೂರಿನ 16 ಪಿನ್‌ಕೋಡ್‌ಗಳಲ್ಲಿ ದಿನಸಿ ತರಿಸಿದವರು ಒಪ್ಪಿದ್ದರು. ತೆರಿಗೆ ಕಟ್ಟುವವರನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಒಲ್ಲೆ ಎನ್ನುವ ದಾರಿ ಅವರಿಗಿರಲಿಲ್ಲ.

ಬಿಡುಗಡೆಗೆ ಮುಂಚಿನ ಪರೀಕ್ಷೆಯ ಹಂತಗಳನ್ನು ಇದೇ ಪ್ರಶ್ನೆ ಹಿಡಿದು ನೋಡಿದರೆ ಅವುಗಳ ಅರ್ಥ ಬೇರೆಯೇ ಆಗಿ ಕಾಣುತ್ತದೆ. ಪ್ರೋಗ್ರಾಂ ಬರೆದವರು ಮೊದಲು ತಾವು ಬರೆದ ತುಂಡನ್ನಷ್ಟೇ ಓಡಿಸಿ ನೋಡುತ್ತಾರೆ. ಅದು ಯೂನಿಟ್ ಟೆಸ್ಟ್. ತುಂಡುಗಳನ್ನು ಜೋಡಿಸಿದಾಗ ಒಂದು ಕೊಟ್ಟದ್ದನ್ನು ಇನ್ನೊಂದು ಸರಿಯಾಗಿ ತೆಗೆದುಕೊಳ್ಳುತ್ತದೆಯೇ ಎಂದು ನೋಡುವುದು ಇಂಟಿಗ್ರೇಷನ್. ಆಮೇಲೆ ಇಡೀ ವ್ಯವಸ್ಥೆಯ ಪರೀಕ್ಷೆ. ನಿನ್ನೆ ಸರಿಯಿದ್ದದ್ದು ಇವತ್ತಿನ ತಿದ್ದುಪಡಿಯಿಂದ ಕೆಟ್ಟಿದೆಯೇ ಎಂದು ಪ್ರತಿ ಬಿಲ್ಡ್ ಬಂದಾಗಲೂ ಮತ್ತೆ ಮತ್ತೆ ನೋಡುವ ರಿಗ್ರೆಷನ್ ಈ ಕಸುಬಿನ ಅತ್ಯಂತ ಬೇಸರದ, ಅತ್ಯಂತ ಬೆಲೆಬಾಳುವ ಭಾಗ. ಇಲ್ಲಿಯವರೆಗೆ ಬಗ್ ಸಿಕ್ಕರೆ ನಷ್ಟ ಸಾಫ್ಟ್‌ವೇರ್ ಕಟ್ಟುವವರದೇ: ಅವರ ಸಂಬಳದ ಸಮಯ, ಅವರ ನಿದ್ದೆ.

ಸಂಸ್ಥೆಯೊಳಗಿನ ಬೇರೆಯವರು ಬಳಸಿ ನೋಡುವ ಆಲ್ಫಾ, ಹಣ ಕೊಟ್ಟು ಮಾಡಿಸಿಕೊಂಡವರು ಕೂತು ನೋಡಿ ಸೈನ್ ಆಫ್ ಮಾಡುವ ಯುಎಟಿ, ಹೊರಗಿನವರ ಕೈಗೆ ಕೊಡುವ ಬೀಟಾ. ಇಲ್ಲಿಂದ ಮುಂದಕ್ಕೆ ದೋಷದ ಬೆಲೆಯನ್ನು ಹೊರಗಿನವರೂ ತೆರಬೇಕಾಗುತ್ತದೆ. ಕೊನೆಗೆ ರಿಲೀಸ್ ಕ್ಯಾಂಡಿಡೇಟ್: ಹೊಸದೇನೂ ಒಳಗೆ ಬರುವಂತಿಲ್ಲ, ಇರುವುದನ್ನು ತಿದ್ದುವುದಷ್ಟೇ. ಲಿನಕ್ಸ್ ಕರ್ನಲ್‌ನಲ್ಲಿ ಹೊಸ ಕೋಡ್ ಸೇರಿಸಿಕೊಳ್ಳಲು ಎರಡು ವಾರ ಬಾಗಿಲು ತೆರೆದಿರುತ್ತದೆ. ಅದು ಮುಚ್ಚಿದ ಮೇಲೆ ಸಾಮಾನ್ಯವಾಗಿ ಪ್ರತಿ ಭಾನುವಾರ ಒಂದೊಂದು ಕ್ಯಾಂಡಿಡೇಟ್ ಹೊರಬಂದು, ಏಳನೆಯದೋ ಎಂಟನೆಯದೋ ಆದ ಮೇಲೆ ಅಂತಿಮ ಆವೃತ್ತಿ ಬರುತ್ತದೆ. ಜಗತ್ತಿನ ಬಹುಪಾಲು ಸರ್ವರ್‌ಗಳ ಕೆಳಗಿರುವ ಸಾಫ್ಟ್‌ವೇರ್ ಇದು. ಹೊಸದನ್ನು ಸೇರಿಸುವುದಕ್ಕಿಂತ ಸೇರಿಸಿದ್ದು ಹದಕ್ಕೆ ಬರುವುದಕ್ಕೆ ಹೆಚ್ಚು ವಾರಗಳನ್ನು ಅದು ಎತ್ತಿಡುತ್ತದೆ.

ಹೊರಗಿನವರನ್ನು ಒಳಗೊಳ್ಳದೆ ಸಾಫ್ಟ್‌ವೇರ್ ಹದಕ್ಕೆ ಬರುವುದಿಲ್ಲ ಎಂಬ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಚೇರಿಯ ಟೆಸ್ಟರ್ ಬಳಿ ಹೊಸ ಲ್ಯಾಪ್‌ಟಾಪ್, ಗಟ್ಟಿ ನೆಟ್‌ವರ್ಕ್, ಕರಗತವಾದ ಇಂಗ್ಲಿಷ್ ಇರುತ್ತವೆ. ಒಂದು ಗುಂಡಿ ಒತ್ತಿದ ಮೇಲೆ ಏನಾಗಬೇಕೆಂದು ಆಕೆಗೆ ಮೊದಲೇ ಗೊತ್ತು. ಹೊರಗಿನವರು ಹಾಗಲ್ಲ. ಅವರು ಅರ್ಧ ಅರ್ಜಿ ತುಂಬಿ ಊಟಕ್ಕೆ ಎದ್ದು ಹೋಗುತ್ತಾರೆ, ಓಟಿಪಿ ಬರಲಿಲ್ಲವೆಂದು ಗುಂಡಿಯನ್ನು ನಾಲ್ಕು ಸಲ ಒತ್ತುತ್ತಾರೆ, ಬಸ್ಸಿನಲ್ಲಿ ಸಿಗ್ನಲ್ ಹೋಗಿ ಬಂದಾಗ ಮತ್ತೆ ಶುರುಮಾಡುತ್ತಾರೆ. ಇದನ್ನೆಲ್ಲ ಒಳಗೇ ಕೂತು ಊಹಿಸಿ ಮುಗಿಸಲಾಗದು. ಬೀಟಾ ಬೇಕು. ಆದರೆ ಬೀಟಾ ಎಂಬುದು ಕಟ್ಟುವವರ ಹಕ್ಕಲ್ಲ, ಬಳಸುವವರು ಕೊಡುವ ಅನುಮತಿ. ಹೊಸ ಔಷಧಿಯ ಪ್ರಯೋಗದಲ್ಲಿ ರೋಗಿಯ ಸಹಿ ಇಲ್ಲದೆ ಮುಂದುವರಿಯುವಂತಿಲ್ಲ. ಆ ಸಹಿಗೆ ಅರ್ಥ ಬರುವುದು ಒಲ್ಲೆ ಎಂದು ಎದ್ದು ಹೋಗುವ ಸ್ವಾತಂತ್ರ್ಯ ಅವರಿಗಿದ್ದಾಗ ಮಾತ್ರ.

ಪ್ರಾಮಾಣಿಕವಾದ ಬೀಟಾ ಹೇಗಿರುತ್ತದೆಂಬುದಕ್ಕೆ ನನಗೆ ಮೆಚ್ಚುಗೆಯಾಗುವ ಹಳೆಯ ಉದಾಹರಣೆ ಆ್ಯಪಲ್ ಸಂಸ್ಥೆಯದು. ಮ್ಯಾಕ್ ಓಎಸ್ ಎಕ್ಸ್ ಬರುವ ಮುಂಚೆ, 2000ದ ಸೆಪ್ಟೆಂಬರ್ 13ರಂದು, ಅದರ ಪಬ್ಲಿಕ್ ಬೀಟಾ ಹೊರಬಂತು. ಅದಕ್ಕೆ 29.95 ಡಾಲರ್ ಬೆಲೆ ಇಟ್ಟಿದ್ದರು. ದೋಷ ಹುಡುಕಲು ಬಂದವರಿಂದಲೇ ದುಡ್ಡು ತೆಗೆದುಕೊಳ್ಳುವುದೇ ಎಂದು ಮೊದಲು ಅನ್ನಿಸುತ್ತದೆ. ಆದರೆ ಕೊಂಡವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆಂದು ಸ್ಪಷ್ಟವಾಗಿ ಗೊತ್ತಿತ್ತು. ಹಳೆಯ ಓಎಸ್ ಅವರ ಯಂತ್ರದಲ್ಲಿ ಹಾಗೇ ಇರುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆ ಬೀಟಾಕ್ಕೆ ಆಯುಸ್ಸು ನಿಗದಿಯಾಗಿತ್ತು. 2001ರ ಮೇ 14ಕ್ಕೆ ಅದು ತಾನಾಗಿ ನಿಲ್ಲುವಂತೆ ಮಾಡಿದ್ದರು. ಅಂತಿಮ ಆವೃತ್ತಿ ಅದೇ ವರ್ಷದ ಮಾರ್ಚ್ 24ಕ್ಕೆ ಬಂದಿತ್ತು. ಪ್ರಯೋಗ ಯಾವಾಗ ಮುಗಿಯುತ್ತದೆಂದು ಹೇಳಿಯೇ ಪ್ರಯೋಗ ಶುರುಮಾಡಿದ್ದರು.

ಇದರ ಪಕ್ಕದಲ್ಲಿ ಜಿಮೇಲನ್ನು ಇಡಿ. 2004ರ ಏಪ್ರಿಲ್ 1ರಂದು ಬೀಟಾ ಎಂಬ ಹಣೆಪಟ್ಟಿಯೊಂದಿಗೆ ಬಂದದ್ದು 2009ರ ಜುಲೈವರೆಗೂ ಬೀಟಾ ಆಗಿಯೇ ಉಳಿಯಿತು, ಐದು ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಕೋಟ್ಯಂತರ ಜನ ಅದರ ಮೇಲೆ ತಮ್ಮ ವ್ಯವಹಾರವನ್ನೆಲ್ಲ ಕಟ್ಟಿಕೊಂಡಿದ್ದರು. ಅಂಚೆ ಕೈಕೊಟ್ಟರೆ ‘ಇದಿನ್ನೂ ಪರೀಕ್ಷೆಯಲ್ಲಿದೆ’ ಎನ್ನಬಹುದು, ಚೆನ್ನಾಗಿ ನಡೆದರೆ ಹೊಗಳಿಕೆ ಪಡೆಯಬಹುದು. ಜಿಮೇಲ್ ಉತ್ತಮವಾಗಿತ್ತು, ಸೇರಿದವರು ತಾವಾಗಿಯೇ ಸೇರಿದ್ದರು. ಹಾಗಾಗಿ ಅದನ್ನು ದೊಡ್ಡ ಅಪರಾಧವೆನ್ನಲಾರೆ. ಆದರೆ ಅದು ಒಂದು ಕೆಟ್ಟ ರೂಢಿಗೆ ದಾರಿ ಮಾಡಿತು. ಪರೀಕ್ಷೆಗೂ ಬಿಡುಗಡೆಗೂ ನಡುವಿನ ಗೆರೆ ಅಳಿಸಿದರೆ ಹೊಣೆಯ ಗೆರೆಯೂ ಅಳಿಯುತ್ತದೆ. ಈಗಂತೂ ಪ್ರತಿವಾರ, ಕೆಲವು ಕಡೆ ಪ್ರತಿದಿನ, ಹೊಸ ಆವೃತ್ತಿ ಹೊರಬೀಳುತ್ತದೆ. ಬಗ್ ಸಿಕ್ಕರೆ ಸಂಜೆಯೊಳಗೆ ಹಾಟ್‌ಫಿಕ್ಸ್ ಕಳಿಸಿದರಾಯಿತು ಎಂಬ ಧೈರ್ಯದಲ್ಲಿ ಒಳಗಿನ ಹಂತಗಳನ್ನು ಒಂದೊಂದಾಗಿ ಸಪೂರ ಮಾಡುವ ಯೋಜನೆಗಳನ್ನು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ಯಾರನ್ನು ಕೇಳಿದರೂ ವಿವರಿಸುತ್ತಾರೆ.

ಆ ಧೈರ್ಯ ಎಷ್ಟು ಟೊಳ್ಳು ಎಂಬುದನ್ನು 2024ರ ಜುಲೈ 19 ತೋರಿಸಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ಪುಟ್ಟ ಫೈಲು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9:39ಕ್ಕೆ ಹೊರಟ ಫೈಲನ್ನು ಸಂಸ್ಥೆ 10:57ಕ್ಕೆ ಹಿಂದೆಗೆದುಕೊಂಡಿತು. 78 ನಿಮಿಷ. ಆದರೆ ಅಷ್ಟರಲ್ಲಿ ಬಿದ್ದ ಯಂತ್ರಗಳು ಹೊಸ ಫೈಲು ತರಿಸಿಕೊಳ್ಳುವ ಸ್ಥಿತಿಯಲ್ಲೇ ಇರಲಿಲ್ಲ. ಬಹಳಷ್ಟು ಕಡೆ ಒಬ್ಬೊಬ್ಬರು ಒಂದೊಂದು ಯಂತ್ರದ ಮುಂದೆ ಕೂತು ಕೈಯಿಂದ ಸರಿಪಡಿಸಬೇಕಾಯಿತು. ಬೆಂಗಳೂರು, ದೆಹಲಿ, ಹೈದರಾಬಾದ್ ವಿಮಾನ ನಿಲ್ದಾಣಗಳಲ್ಲಿ ಸಾಲುಗಳು ಬೆಳೆದವು. ಭಾರತದಲ್ಲಿ ಪ್ರಯಾಣಿಕರ ಕೈಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸು ಸಿಕ್ಕಿತು.

ಈ ಪ್ರಕರಣದಲ್ಲಿ ಪರೀಕ್ಷೆಯೇ ನಡೆಯಲಿಲ್ಲ ಎಂದು ಹಲವರು ಬರೆದರು. ಹಾಗಲ್ಲ. ಸಂಸ್ಥೆ ಆಮೇಲೆ ಪ್ರಕಟಿಸಿದ ವಿಶ್ಲೇಷಣೆ ಓದಿದರೆ ಇನ್ನೂ ಕಳವಳವಾಗುತ್ತದೆ. ಆ ಬಗೆಯ ಫೈಲಿನ ವಿನ್ಯಾಸದಲ್ಲಿ 21 ಕ್ಷೇತ್ರಗಳಿದ್ದವು. ಅದನ್ನು ಓದುವ ಕೋಡಿಗೆ 20 ಮೌಲ್ಯಗಳಷ್ಟೇ ಸಿಗುತ್ತಿದ್ದವು. ಪರೀಕ್ಷೆಯ ಹೊತ್ತಿನಲ್ಲೂ, ಅದಕ್ಕೆ ಮೊದಲು ಕಳಿಸಿದ ಫೈಲುಗಳಲ್ಲೂ, 21ನೆಯ ಕ್ಷೇತ್ರದಲ್ಲಿ ‘ಏನಿದ್ದರೂ ಸರಿ’ ಎಂಬ ಅರ್ಥದ ಗುರುತು ಇತ್ತು. ಹಾಗಾಗಿ ಇಲ್ಲದ ಮೌಲ್ಯವನ್ನು ಯಾರೂ ನೋಡಲು ಹೋಗಲಿಲ್ಲ, ಎಲ್ಲ ಪರೀಕ್ಷೆಯೂ ಪಾಸಾಯಿತು. ಜುಲೈ 19ರ ಫೈಲಿನಲ್ಲಿ ಮೊದಲ ಬಾರಿಗೆ ಆ ಕ್ಷೇತ್ರವನ್ನು ನಿಜವಾಗಿ ನೋಡಬೇಕಾಗಿ ಬಂತು, ಕೋಡು ತನ್ನದಲ್ಲದ ಜಾಗಕ್ಕೆ ಕೈಹಾಕಿತು. ಇಂಥದ್ದನ್ನು ಹಿಡಿಯಲೆಂದೇ ಹಂತಹಂತದ ಬಿಡುಗಡೆ ಇರುವುದು. ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ ಕಾದು ನೋಡಿದ್ದರೆ 85 ಲಕ್ಷದ ಬದಲು ಅವಷ್ಟೇ ಬೀಳುತ್ತಿದ್ದವು.

ಒಪ್ಪಿಗೆಯ ಪ್ರಶ್ನೆಯೂ ಇಲ್ಲಿ ಎದ್ದು ಕಾಣುತ್ತದೆ. ಇದೇ ಸಂಸ್ಥೆ ತನ್ನ ಮುಖ್ಯ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ಕೂಡಲೇ ಹಾಕಿಕೊಳ್ಳದೆ ಒಂದೋ ಎರಡೋ ಆವೃತ್ತಿ ಹಿಂದೆ ಉಳಿಯುವ ಆಯ್ಕೆಯನ್ನು ಗ್ರಾಹಕರಿಗೆ ಕೊಟ್ಟಿತ್ತು. ಎಚ್ಚರದ ಸಂಸ್ಥೆಗಳು ಹಾಗೆ ಹಿಂದೆಯೇ ಇದ್ದವು. ಆದರೆ ಈ ಪುಟ್ಟ ಫೈಲುಗಳು ‘ಕೋಡಲ್ಲ, ಬರೀ ಮಾಹಿತಿ’ ಎಂಬ ವರ್ಗಕ್ಕೆ ಸೇರಿದ್ದರಿಂದ ಆ ಆಯ್ಕೆಯನ್ನು ದಾಟಿಕೊಂಡು ಎಲ್ಲರಿಗೂ ಒಟ್ಟಿಗೆ ಹೋಗುತ್ತಿದ್ದವು. ಬೇಡವೆಂದವರಿಗೂ ಬಂತು. ಘಟನೆಯ ನಂತರ ಸಂಸ್ಥೆ ಹಂತಹಂತವಾಗಿ ಕಳಿಸುವ, ಗ್ರಾಹಕರಿಗೂ ಹತೋಟಿ ಕೊಡುವ ಕ್ರಮ ತಂದಿತು.

ಇಷ್ಟಾದರೂ ಇದು ಕಂಪನಿ ಕಂಪನಿಗಳ ನಡುವಿನ ಮಾತು. ಗ್ರಾಹಕ ಸಂಸ್ಥೆಗೆ ಬೇರೆ ಭದ್ರತಾ ಸಾಫ್ಟ್‌ವೇರ್ ಕೊಳ್ಳುವ ದಾರಿಯಾದರೂ ಇದೆ. ನಾಗರಿಕನಿಗೆ ಬೇರೆ ತೆರಿಗೆ ಇಲಾಖೆ ಇಲ್ಲ, ಬೇರೆ ಪಡಿತರ ಚೀಟಿ ಇಲ್ಲ, ಬೇರೆ ಪಹಣಿ ಇಲ್ಲ. ನಾನು ಹೇಳಬೇಕೆಂದಿರುವ ಮಾತು ಇದು: ಕಾನೂನು ಕಡ್ಡಾಯ ಮಾಡಿದ ವ್ಯವಸ್ಥೆಯಲ್ಲಿ ಸಾರ್ವಜನಿಕ ಬೀಟಾ ಎಂಬುದಕ್ಕೆ ಜಾಗವೇ ಇಲ್ಲ, ಹಳೆಯ ದಾರಿಯನ್ನು ತೆರೆದಿಟ್ಟ ಹೊರತು. ಹಳೆಯದನ್ನು ಮುಚ್ಚಿ ಹೊಸದನ್ನು ತೆರೆದ ಕ್ಷಣದಿಂದ ಅದು ಬಿಡುಗಡೆ. ಅದರಲ್ಲಿ ಸಿಗುವ ಪ್ರತಿ ದೋಷವೂ ಕಟ್ಟಿದವರ ಮತ್ತು ಕಟ್ಟಿಸಿದವರ ಲೆಕ್ಕಕ್ಕೆ ಬರಬೇಕು. ‘ಆರಂಭಿಕ ತೊಂದರೆಗಳು ಸಹಜ’ ಎಂಬ ಮಾತನ್ನು ಅಲ್ಲಿ ಒಪ್ಪಲಾಗದು. ತೊಂದರೆ ಸಹಜವೇ ಇರಬಹುದು. ಅದನ್ನು ಒಬ್ಬ ಪಿಂಚಣಿದಾರರು ಸೈಬರ್ ಸೆಂಟರಿನ ಬಾಗಿಲಲ್ಲಿ ಕಾಯುತ್ತ ಅನುಭವಿಸಬೇಕೆಂಬುದು ಸಹಜವಲ್ಲ.

ಸ್ವಯಂಸೇವಕರು ಸಿಗದ ಕಡೆ ಒಳಗಿನ ಪರೀಕ್ಷೆ ಹೆಚ್ಚು ಭಾರ ಹೊರಬೇಕಾಗುತ್ತದೆ. ಇದಕ್ಕೆ ಕೊನೆಯಿಲ್ಲದಷ್ಟು ಪಾಠವಿರುವ ಪ್ರಕರಣ ಏರಿಯಾನ್ 5. ರಾಕೆಟ್ಟಿಗೆ ಬೀಟಾ ಇಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಹಾರಿದ ಮೊದಲ ಏರಿಯಾನ್ 5 ನಲವತ್ತು ಸೆಕೆಂಡಿನೊಳಗೆ ದಾರಿ ತಪ್ಪಿ ಸಿಡಿಯಿತು. ದಿಕ್ಕು, ವೇಗ ಅಳೆಯುವ ಅದರ ಉಪಕರಣದ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ತಂದಿದ್ದರು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸಲಿಲ್ಲ, ಉಪಕರಣ ಕೈಚೆಲ್ಲಿತು. ಬದಲಿಗೆಂದು ಇಟ್ಟಿದ್ದ ಎರಡನೆಯ ಉಪಕರಣದಲ್ಲೂ ಅದೇ ಸಾಫ್ಟ್‌ವೇರ್ ಇದ್ದುದರಿಂದ ಅದೂ ಹಾಗೆಯೇ ಕೈಚೆಲ್ಲಿತು. ನೆಲ ಬಿಟ್ಟ ಮೇಲೆ ಆ ಲೆಕ್ಕದಿಂದ ಏರಿಯಾನ್ 5ಕ್ಕೆ ಉಪಯೋಗವೇ ಇರಲಿಲ್ಲ ಎಂಬುದು ಇನ್ನೂ ನೋವಿನ ಸಂಗತಿ. ಹಳೆಯ ರಾಕೆಟ್ಟಿನಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡಿದೆ ಎಂಬ ನಂಬಿಕೆ ಪರೀಕ್ಷೆಯ ಜಾಗದಲ್ಲಿ ಕೂತುಬಿಟ್ಟಿತ್ತು. ಹೊಸ ರಾಕೆಟ್ಟಿನ ವೇಗ, ಹಾದಿಗಳ ಅಂಕಿಗಳನ್ನು ಕೊಟ್ಟು ಆ ಉಪಕರಣವನ್ನು ಓಡಿಸಿ ನೋಡಿದ್ದರೆ ನೆಲದ ಮೇಲೆಯೇ ದೋಷ ಸಿಗುತ್ತಿತ್ತೆಂದು ವಿಚಾರಣಾ ಮಂಡಳಿ ಹೇಳಿತು.

ಕಡ್ಡಾಯದ ಸರ್ಕಾರಿ ಪೋರ್ಟಲ್ಲೂ ಹೀಗೆಯೇ. ಅದನ್ನು ಒಳಗೆಯೇ, ನಿಜವಾದ ಹೊರೆಯಷ್ಟೇ ಹೊರೆ ಹಾಕಿ ನೋಡಬೇಕು. ಅಮೆರಿಕದಂಥ ದೇಶವೂ ಇದರಲ್ಲಿ ಎಡವಿತು. 2013ರ ಅಕ್ಟೋಬರ್ 1ರಂದು ತೆರೆದ ಆರೋಗ್ಯ ವಿಮೆಯ ಹೆಲ್ತ್‌ಕೇರ್ ಡಾಟ್ ಗವ್ ಮೂಲಕ ಮೊದಲ ದಿನ ನೋಂದಾಯಿಸಿಕೊಳ್ಳಲು ಸಾಧ್ಯವಾದದ್ದು ಆರು ಜನರಿಗೆ. ಬಿಡಿ ಬಿಡಿ ಭಾಗಗಳನ್ನು ಬೇರೆ ಬೇರೆ ಗುತ್ತಿಗೆದಾರರು ಕಟ್ಟಿದ್ದರು. ಎಲ್ಲವನ್ನೂ ಜೋಡಿಸಿ ಮೊದಲಿಂದ ಕೊನೆಯವರೆಗೆ ಓಡಿಸಿ ನೋಡಿದ್ದು ಕೊನೆಯ ಎರಡು ವಾರಗಳಲ್ಲಿ ಎಂದು ಆ ಗುತ್ತಿಗೆದಾರರೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಹೇಳಿದರು. ಅದಕ್ಕೆ ತಿಂಗಳುಗಳು ಬೇಕಿದ್ದವು. ದಿನಾಂಕ ಮೊದಲೇ ಗೊತ್ತಾಗಿತ್ತು, ಮಿಕ್ಕ ಸಮಯ ಪರೀಕ್ಷೆಗೆ ಸಿಕ್ಕಿತು.

ಸಾಮಾನ್ಯವಾಗಿ ಆಗುವುದು ಇದೇ. ಬಿಡುಗಡೆಯ ಮುಹೂರ್ತ ಮೊದಲು ನಿಶ್ಚಯವಾಗುತ್ತದೆ. ಬೇಕುಗಳ ಪಟ್ಟಿ ನಡುವೆ ಬೆಳೆಯುತ್ತದೆ, ಕೋಡ್ ಬರೆಯುವುದು ತಡವಾಗುತ್ತದೆ. ಮುಹೂರ್ತ ಮಾತ್ರ ಕದಲುವುದಿಲ್ಲ. ಎರಡರ ನಡುವೆ ಸಿಕ್ಕಿ ಕುಗ್ಗುವುದು ಪರೀಕ್ಷೆ, ಯಾಕೆಂದರೆ ಸಾಲಿನಲ್ಲಿ ಅದು ಕೊನೆಯದು. ದೋಷ ಸಿಕ್ಕಾಗ ಬೈಸಿಕೊಳ್ಳುವವರೂ ಆ ಕೊನೆಯ ಸಾಲಿನ ಟೆಸ್ಟರ್‌ಗಳೇ. ಇದು ಅನ್ಯಾಯ.

ಕಾಯುವುದಕ್ಕೂ ಬೆಲೆಯಿದೆ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ತೂಕವಿದೆ. ‘ಸಿದ್ಧವಾದಾಗ ಬಿಡುಗಡೆ’ ಎಂಬ ನೀತಿಗೆ ಹೆಸರಾದ ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನೇ ನೋಡಿ. ಅಲ್ಲಿ ಹೊಸ ಪ್ಯಾಕೇಜು ಮೊದಲು ‘ಅನ್‌ಸ್ಟೇಬಲ್’ ಎಂಬ ಅಂಗಳಕ್ಕೆ ಬರುತ್ತದೆ. ಕೆಲವು ದಿನ ಅಲ್ಲಿದ್ದು, ಗಂಭೀರ ದೋಷ ವರದಿಯಾಗದಿದ್ದರೆ ‘ಟೆಸ್ಟಿಂಗ್’ಗೆ ಸಾಗುತ್ತದೆ. ಬಿಡುಗಡೆ ಹತ್ತಿರವಾದಾಗ ಫ್ರೀಜ್ ಘೋಷಿಸಿ, ತಿಂಗಳುಗಟ್ಟಲೆ ಬರೀ ದೋಷ ತಿದ್ದಿ, ಆಮೇಲೆ ‘ಸ್ಟೇಬಲ್’ ಎನ್ನುತ್ತಾರೆ. ಅವರ ಆವೃತ್ತಿಗಳಿಗೆಲ್ಲ ಟಾಯ್ ಸ್ಟೋರಿ ಚಿತ್ರದ ಪಾತ್ರಗಳ ಹೆಸರು. ಅನ್‌ಸ್ಟೇಬಲ್‌ಗೆ ಮಾತ್ರ ಯಾವಾಗಲೂ ಆಟಿಕೆ ಮುರಿಯುವ ಪಕ್ಕದ ಮನೆ ಹುಡುಗ ಸಿಡ್‌ನ ಹೆಸರು. ಅಲ್ಲಿಗೆ ಕಾಲಿಡುವವರಿಗೆ ಏನು ಕಾದಿದೆಯೆಂದು ಹೆಸರೇ ಹೇಳುತ್ತದೆ. ಈ ಶಿಸ್ತಿಗೆ ಅವರು ಬೆಲೆ ತೆತ್ತಿದ್ದಾರೆ. 2002ರ ಜುಲೈನಲ್ಲಿ ಬಂದ ಆವೃತ್ತಿಯ ನಂತರದ್ದು 2005ರ ಜೂನ್‌ಗೆ ಬಂತು. ಸುಮಾರು ಮೂರು ವರ್ಷ ಕಾದವರು ಸಿಟ್ಟಾದರು, ಕೆಲವರು ಬೇರೆ ಕಡೆ ಹೋದರು. ಆ ಮೇಲೆ ಅವರು ಫ್ರೀಜ್‌ಗೆ ದಿನ ಗೊತ್ತುಮಾಡಿ, ಬಿಡುಗಡೆಯ ದಿನವನ್ನು ಮಾತ್ರ ದೋಷಗಳ ಲೆಕ್ಕಕ್ಕೆ ಬಿಡುವ ಪದ್ಧತಿಗೆ ಬಂದರು. 2025ರ ಮಾರ್ಚ್‌ನಲ್ಲಿ ಫ್ರೀಜ್ ಶುರುವಾಗಿ ಆಗಸ್ಟ್ 9ಕ್ಕೆ 13ನೆಯ ಆವೃತ್ತಿ ಹೊರಬಂತು. ಶಿಸ್ತನ್ನು ಬಿಡದೆಯೂ ತಡವನ್ನು ಹತೋಟಿಗೆ ತರಬಹುದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲೂ ಈ ವಿವೇಕ ಇಲ್ಲದೆ ಇಲ್ಲ. ಯುಪಿಐ 2016ರ ಏಪ್ರಿಲ್ 11ರಂದು 21 ಬ್ಯಾಂಕುಗಳೊಂದಿಗೆ ಪೈಲಟ್ ಆಗಿ ಶುರುವಾಯಿತು. ಬ್ಯಾಂಕುಗಳ ಆ್ಯಪ್‌ಗಳು ಜನರ ಕೈಗೆ ಸಿಗತೊಡಗಿದ್ದು ಆಗಸ್ಟ್ ಕೊನೆಯಲ್ಲಿ. ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿ 2022ರ ಡಿಸೆಂಬರ್ 1ರಂದು ಮುಂಬೈ, ನವದೆಹಲಿ, ಬೆಂಗಳೂರು, ಭುವನೇಶ್ವರ ಎಂಬ ನಾಲ್ಕು ಊರುಗಳಲ್ಲಿ, ನಾಲ್ಕು ಬ್ಯಾಂಕುಗಳ ಆಯ್ದ ಗ್ರಾಹಕರು ಮತ್ತು ವ್ಯಾಪಾರಿಗಳ ನಡುವೆ ಮೊದಲಾಯಿತು. ಕರ್ನಾಟಕದ ‘ಭೂಮಿ’ ಯೋಜನೆ ಇಪ್ಪತ್ತು ವರ್ಷಕ್ಕೂ ಹಿಂದೆ, ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತರುವಾಗ, ತಾಲ್ಲೂಕು ತಾಲ್ಲೂಕಾಗಿ ಮುಂದುವರಿದಿತ್ತು. ಒಂದು ತಾಲ್ಲೂಕಿನಲ್ಲಿ ಕೇಂದ್ರ ನಡೆಯತೊಡಗಿದ ಮೇಲೆ ಅಲ್ಲಿ ಕೈಬರಹದ ಪಹಣಿಯ ಚಲಾವಣೆ ನಿಲ್ಲುತ್ತಿತ್ತು. ಮಿಕ್ಕ ಕಡೆ ಹಳೆಯ ಪುಸ್ತಕವೇ ನಡೆಯುತ್ತಿತ್ತು. ದಾರಿ ಗೊತ್ತಿದೆ. ತೆರಿಗೆ ಪೋರ್ಟಲ್‌ಗೂ ಇದನ್ನು ಅನ್ವಯಿಸಬಹುದಿತ್ತು: ಒಂದು ವರ್ಗದ ತೆರಿಗೆದಾರರಿಗೆ, ಅದರಲ್ಲೂ ಒಪ್ಪಿ ಬಂದವರಿಗೆ, ಮೊದಲು ತೆರೆದು, ಹಳೆಯದನ್ನು ಒಂದು ಋತುವಾದರೂ ಜೊತೆಯಲ್ಲೇ ಓಡಿಸುವುದು. ಎರಡನ್ನು ನಡೆಸುವ ಖರ್ಚು ದೊಡ್ಡದೇ. ಆದರೆ ಅವಧಿ ಇನ್ನೂ ಮೂರು ತಿಂಗಳು ಮುಂದೆ ಹೋದದ್ದಕ್ಕೂ ಖರ್ಚಿದೆ. ಅದು ಬೇರೆ ಬೇರೆ ಜನರ ಜೇಬಿನಲ್ಲಿ ಹಂಚಿಹೋಗಿದ್ದರಿಂದ ಯಾವ ಕಡತದಲ್ಲೂ ಕಾಣುವುದಿಲ್ಲ.

ಪರೀಕ್ಷೆಗೆ ಯಾರನ್ನು ಕೂರಿಸುತ್ತೀರಿ ಎಂಬ ಪ್ರಶ್ನೆ ಕನ್ನಡದವರಾದ ನಮಗೆ ಇನ್ನೂ ಹತ್ತಿರದ್ದು. 2018ರ ಫೆಬ್ರುವರಿಯಲ್ಲಿ ಐಫೋನುಗಳಿಗೆ ತೆಲುಗಿನ ಒಂದೇ ಒಂದು ಒತ್ತಕ್ಷರ ಸಂದೇಶವಾಗಿ ಬಂದರೆ ಸಂದೇಶದ ಆ್ಯಪ್ ಕುಸಿಯುತ್ತಿತ್ತು, ಕೆಲವೊಮ್ಮೆ ಇಡೀ ಫೋನೇ ಮತ್ತೆ ಮತ್ತೆ ಆರಿ ಹತ್ತುತ್ತಿತ್ತು. ‘ಜ್ಞಾ’ ಎಂಬ ಅಕ್ಷರದ ಒಂದು ಸಂಕೇತರೂಪ ಅದು. 2011ರ ಜನಗಣತಿಯಲ್ಲಿ 8 ಕೋಟಿಗೂ ಹೆಚ್ಚು ಜನ ತಮ್ಮ ತಾಯ್ನುಡಿ ಎಂದು ಬರೆಸಿದ ಭಾಷೆಯ ಸಾಮಾನ್ಯ ಅಕ್ಷರ. ಆ್ಯಪಲ್ ಫೆಬ್ರುವರಿ 19ರಂದು ತಿದ್ದುಪಡಿ ಕಳಿಸಿತು. ಇಂಗ್ಲಿಷಿನ ಒಂದು ಅಕ್ಷರದಿಂದ ಫೋನು ಕುಸಿಯುವಂತಿದ್ದರೆ ಅದು ಯೂನಿಟ್ ಟೆಸ್ಟನ್ನೂ ದಾಟುತ್ತಿರಲಿಲ್ಲ.

ಕನ್ನಡ ಲಿಪಿ ಟೆಸ್ಟರ್‌ಗಳಿಗೆ ಒಡ್ಡುವ ಸವಾಲುಗಳ ಪಟ್ಟಿ ಉದ್ದವಿದೆ. ‘ಸ್ತ್ರೀ’ ಎಂಬುದು ಓದುವವರ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಅದು ಆರು ಸಂಕೇತ, ಯುಟಿಎಫ್-8ರಲ್ಲಿ ಉಳಿಸಿದರೆ 18 ಬೈಟು. ಹೆಸರಿಗೆ 50 ಬೈಟು ಸಾಕೆಂದು ಇಂಗ್ಲಿಷ್ ಅಳತೆಯಲ್ಲಿ ಜಾಗ ಬಿಟ್ಟರೆ ಕನ್ನಡದ ಉದ್ದ ಹೆಸರು ಅರ್ಧಕ್ಕೆ, ಅದೂ ಅಕ್ಷರದ ನಡುವೆ, ತುಂಡಾಗುತ್ತದೆ. ಇಂಗ್ಲಿಷ್ ಎಸ್‌ಎಂಎಸ್ 160 ಅಕ್ಷರ ಹಿಡಿದರೆ ಕನ್ನಡದ್ದು 70 ಸಂಕೇತಗಳಿಗೆ ಮುಗಿಯುತ್ತದೆ; ಓಟಿಪಿ ಸಂದೇಶವನ್ನು ಅನುವಾದಿಸಿ ಕಳಿಸುವವರು ಇದನ್ನು ನೋಡದಿದ್ದರೆ ಸಂದೇಶ ಎರಡು ತುಂಡಾಗಿ ಬರುತ್ತದೆ. ‘ಗೋಪಾಲ’ ಎಂಬ ಹೆಸರಿನ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಇವೆರಡನ್ನೂ ಒಂದೇ ರೂಪಕ್ಕೆ ತಾರದೆ ಹುಡುಕುವ ಸಾಫ್ಟ್‌ವೇರಿಗೆ ಅವರು ಇಬ್ಬರು ಬೇರೆ ಬೇರೆ ಗೋಪಾಲರು. ಜಮೀನಿನ ದಾಖಲೆಯಲ್ಲಿ ಹೀಗಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಅಕ್ಷರವಷ್ಟೇ ಅಲ್ಲ, ಹೆಸರಿನ ರೀತಿಯೂ ಇದೆ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಎಂಬುದೇ ಇಲ್ಲ. ಊರಿನದೋ ತಂದೆಯದೋ ಮೊದಲಕ್ಷರ, ಆಮೇಲೆ ಹೆಸರು, ಅಷ್ಟೇ. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರಿನ ಜಾಗ ಖಾಲಿ ಬಿಡುವಂತಿಲ್ಲ, ಒಂದೇ ಹೆಸರಿನವರು ಅದನ್ನು ಅಲ್ಲಿಯೇ ಬರೆಯಬೇಕು. ಬೇರೆ ಅರ್ಜಿಗಳು ಮೊದಲ ಹೆಸರನ್ನು ಕಡ್ಡಾಯ ಮಾಡುತ್ತವೆ. ಇವೆರಡನ್ನು ಹೊಂದಿಸಿ ನೋಡುವ ಹೊತ್ತಿಗೆ ಹೆಸರು ತಾಳೆಯಾಗುತ್ತಿಲ್ಲ ಎಂಬ ಕೆಂಪು ಸಾಲು ಬರುತ್ತದೆ. ಇದನ್ನು ಹಿಡಿಯಲು ದೊಡ್ಡ ಆಟೊಮೇಷನ್ ಬೇಡ. ಹೊಸಪೇಟೆಯಿಂದಲೋ ಚಾಮರಾಜನಗರದಿಂದಲೋ ಹತ್ತು ಜನರನ್ನು ಕರೆದು, ಅವರವರ ಹಳೆಯ ಫೋನಿನಲ್ಲೇ ಅರ್ಜಿ ತುಂಬಿಸಿ, ಪಕ್ಕದಲ್ಲಿ ಬಾಯಿಮುಚ್ಚಿಕೊಂಡು ಕೂತು ನೋಡಬೇಕು. ಅವರ ಒಂದು ದಿನದ ಕೂಲಿಯನ್ನು ಕೊಡಬೇಕು, ಯಾಕೆಂದರೆ ಅವರು ಮಾಡುತ್ತಿರುವುದು ಕೆಲಸ.

ಸರ್ಕಾರದ ಟೆಂಡರ್‌ಗಳಲ್ಲಿ ಇದಕ್ಕೆ ಜಾಗ ಬೇಕು. ಎಷ್ಟು ಸರ್ವರ್, ಎಷ್ಟು ಎಂಜಿನಿಯರ್ ಎಂದು ಕೇಳುವ ಕಡೆಯಲ್ಲೇ, ಯಾವ ಜಿಲ್ಲೆಯ ಎಂಥ ಬಳಕೆದಾರರ ಮೇಲೆ ಎಷ್ಟು ವಾರ ಪ್ರಯೋಗ ನಡೆಯುತ್ತದೆ, ಆ ಅವಧಿಯಲ್ಲಿ ಹಳೆಯ ದಾರಿ ಹೇಗೆ ತೆರೆದಿರುತ್ತದೆ ಎಂದೂ ಕೇಳಬೇಕು. ಪೈಲಟ್ ಮುಗಿದಾಗ ಉಳಿದ ದೋಷಗಳ ಪಟ್ಟಿಯನ್ನು ಮುಚ್ಚಿಡದೆ ಪ್ರಕಟಿಸಬೇಕು. ಡೆಬಿಯನ್‌ನ ದೋಷಗಳ ಪಟ್ಟಿಯನ್ನು ಜಗತ್ತಿನ ಯಾರಾದರೂ ತೆರೆದು ಓದಬಹುದು. ಅದರಿಂದ ಆ ಯೋಜನೆಯ ಮಾನ ಹೋಗಿಲ್ಲ, ಬದಲಿಗೆ ಅದನ್ನು ಜನ ನಂಬುವುದೇ ಆ ಕಾರಣಕ್ಕೆ. ಗೋ-ಲೈವ್ ಮಾಡಬಹುದೇ ಎಂದು ನಿರ್ಧರಿಸುವ ಕೊನೆಯ ಸಭೆಯಲ್ಲಿ ಪರೀಕ್ಷಾ ತಂಡದ ಅಭಿಪ್ರಾಯವನ್ನು ಬರಹದಲ್ಲಿ ದಾಖಲಿಸಬೇಕು. ಅವರು ‘ಬೇಡ’ ಎಂದ ಮೇಲೂ ಬಿಡುಗಡೆ ಮಾಡುವ ಅಧಿಕಾರ ಮೇಲಿನವರಿಗೆ ಇರಲಿ, ಕೆಲವೊಮ್ಮೆ ಅದಕ್ಕೆ ನ್ಯಾಯವಾದ ಕಾರಣವೂ ಇರುತ್ತದೆ. ಆದರೆ ಹಾಗೆ ಮಾಡಿದವರ ಹುದ್ದೆ, ಅವರು ಕೊಟ್ಟ ಕಾರಣ, ಆ ‘ಬೇಡ’ ಎಂಬ ಟಿಪ್ಪಣಿ, ಮೂರೂ ಒಂದೇ ಕಡತದಲ್ಲಿರಲಿ. ಮಾಹಿತಿ ಹಕ್ಕಿನಡಿ ಕೇಳಿದವರಿಗೆ ಆ ಕಡತ ಸಿಗಲಿ.